ಒಪ್ಪಂದ ಅಮೆರಿಕದ ಜತೆ, ಕಾವಲು ನಮ್ಮದು, ಕನ್ನಡದ ಕಾಗದ ಎಲ್ಲಿ?



ರಾಂಪುರದಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿ ಬುಕ್ಕು, ಚುನಾವಣೆ ಪೋಸ್ಟರು ಎಲ್ಲ ಅಚ್ಚು ಹಾಕಿದ್ದೇನೆ. ಕುರಿ ಕಳೆದರೂ ಜನ ಕನ್ನಡದಲ್ಲಿ ಕರಪತ್ರ ಹಾಕಿಸುತ್ತಾರೆ. ಆದರೆ ಪಕ್ಕದ ಚಳ್ಳಕೆರೆಯ ಕಾವಲು ಅಣು ಕೆಲಸಕ್ಕೆ ಹೋದಾಗ, ಜನರಿಗೆ ಹಂಚಲು ಒಂದು ಹಾಳೆ ಅಚ್ಚು ಹಾಕಿಕೊಡಿ ಎಂದು ಯಾರೂ ನನ್ನ ಬಾಗಿಲಿಗೆ ಬರಲಿಲ್ಲ!

2008ರ ಅಕ್ಟೋಬರ್ 10ರಂದು ವಾಷಿಂಗ್ಟನ್ನಿನಲ್ಲಿ ಪ್ರಣಬ್ ಮುಖರ್ಜಿ ಮತ್ತು ಕೊಂಡೋಲೀಜಾ ರೈಸ್ ಅಣು ಒಪ್ಪಂದಕ್ಕೆ ಸಹಿ ಹಾಕಿದರು. '123 ಒಪ್ಪಂದ' ಎಂದು ಅದರ ಹೆಸರು. ಏಕೆ ಗೊತ್ತೇ? ಅಮೆರಿಕದ 1954ರ ಅಣುಶಕ್ತಿ ಕಾಯ್ದೆಯ 123ನೇ ಕಲಂ ಅದು. ಹೆಸರೂ ಅವರದೇ!

ಈ ವ್ಯವಹಾರಕ್ಕಾಗಿ ದೆಹಲಿ 2006ರಲ್ಲೇ ದೇಶದ ಅಣು ಸ್ಥಾವರಗಳನ್ನು ಎರಡು ಪಾಲು ಮಾಡಿತ್ತು. 22 ರಿಯಾಕ್ಟರುಗಳಲ್ಲಿ 14 ನಾಗರಿಕ ಪಾಲಿಗೆ. ಅವಕ್ಕೆ ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆ. ಉಳಿದ ಪಾಲಿಗೆ ಹೊರಗಿನವರ ಕಣ್ಣಿಲ್ಲ. ನಮ್ಮ ಕೈಗಾ ಆ 14ರಲ್ಲಿ ಸೇರಲಿಲ್ಲ.

ಈಗ ಉಳ್ಳಾರ್ತಿ ಕಾವಲಿಗೆ ಬನ್ನಿ. ಒಪ್ಪಂದದ ಬೆನ್ನಿಗೇ ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳ ಸುಮಾರು 10,000 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರ, ಡಿಆರ್‌ಡಿಒ, ಇಸ್ರೊ ಮುಂತಾದವುಗಳ ಪಾಲಾಯಿತು. ಉಳ್ಳಾರ್ತಿಗೆ ಬಂದದ್ದು ಯುರೇನಿಯಂ ಸಂವರ್ಧನೆಯ ಯೋಜನೆ. ಅದು ಅಂತರರಾಷ್ಟ್ರೀಯ ತಪಾಸಣೆಗೆ ಒಳಪಡುವುದಿಲ್ಲ ಎಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಶ್ರೀಕುಮಾರ್ ಬ್ಯಾನರ್ಜಿ 2011ರಲ್ಲಿ ಹೇಳಿದರು. ಅಂದರೆ ವಿಯೆನ್ನಾದ ಅಧಿಕಾರಿಯೂ ಒಳಗೆ ಬರುವಂತಿಲ್ಲ, ಉಳ್ಳಾರ್ತಿಯ ಕುರಿಗಾಹಿಯೂ ಹೋಗುವಂತಿಲ್ಲ! ಹೋರಾಟ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. 2014ರಲ್ಲಿ ತೀರ್ಪೂ ಬಂತು. ಕಾವಲು ಮಾತ್ರ ಹಿಂದಕ್ಕೆ ಬರಲಿಲ್ಲ.

ದೇಶದ ರಹಸ್ಯ ಎನ್ನುತ್ತಾರೆ. ಇರಲಿ, ನಾವೇನು ದೇಶದ್ರೋಹಿಗಳೇ? ಯಂತ್ರದ ಗುಟ್ಟು ಯಾರಿಗೆ ಬೇಕು? ಈ ಬರಗಾಲದ ನಾಡಿನಲ್ಲಿ ನೀರು ಎಲ್ಲಿಂದ ತರುತ್ತೀರಿ, ತ್ಯಾಜ್ಯ ಎಲ್ಲಿಗೆ ಒಯ್ಯುತ್ತೀರಿ, ಅನಾಹುತವಾದರೆ ಜನ ಯಾವ ದಿಕ್ಕಿಗೆ ಓಡಬೇಕು? ಇದೂ ರಹಸ್ಯವೇ? ಇಂಗ್ಲಿಷ್ ಬಲ್ಲವರು ಬೆಂಗಳೂರಿನಲ್ಲಿ ಕುಳಿತು ಓದಿಕೊಂಡಾರು. ಅಪಾಯ ಬಂದರೆ ಅನುಭವಿಸುವವರು ಇಲ್ಲಿಯವರು, ಕನ್ನಡದವರು!

ಜಮೀನು ಕೊಟ್ಟ ರಾಜ್ಯ ಸರ್ಕಾರಕ್ಕೆ 1963ರ ರಾಜಭಾಷಾ ಕಾಯ್ದೆ ನೆನಪಿದೆಯೇ? ಒಪ್ಪಂದದ ಪೂರ್ಣ ಪಠ್ಯ, ಸ್ಥಾವರಗಳ ಪಟ್ಟಿ, ತುರ್ತು ಸಮಯದ ಸೂಚನೆ, ಈ ಮೂರೂ ಕನ್ನಡದಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಬರಬೇಕು. ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಅಚ್ಚು ಹಾಕಿಸಲು ದುಡ್ಡಿಲ್ಲವೇ? ಕಾಗದ ತನ್ನಿ. ಮಸಿ ನನ್ನದು, ಕೂಲಿ ಬೇಡ!