ನೀರು ಕಬಿನಿಯದು, ರುಚಿ ಬೆಂಗಳೂರಿನದು, ನಮಗೆ ಬರೀ ಕಿಕ್ಕು

ಬಿಯರ್‌ನಲ್ಲಿ ನೂರಕ್ಕೆ 90 ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಬೆಂಗಳೂರಿನ ಪಬ್‌ಗಳ ಏಲ್ ಬಗ್ಗೆ ಪುಟಗಟ್ಟಲೆ ಬರೆಯುವವರು ಈ ನೀರಿನ ವಿಷಯ ಎತ್ತುವುದೇ ಇಲ್ಲ. ಬೀಚನಹಳ್ಳಿಯಲ್ಲಿ 1974ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟಿನಿಂದ ಇಳಿಯುವ ಕಬಿನಿ, ನಂಜನಗೂಡು ದಾಟಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ. ಅಲ್ಲಿಂದ ಕೆಳಗೆ, ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಂಪು ಹತ್ತಿ ರಾಜಧಾನಿಗೆ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಕಾವೇರಿ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ಎತ್ತುವ ಯೋಜನೆ. ಇತ್ತ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಯುನೈಟೆಡ್ ಬ್ರೂವರೀಸ್‌ನ ಬಿಯರ್ ಕಾರ್ಖಾನೆಯೇ ಇದೆ. ಅಂದರೆ ಬಿಯರ್ ವಿಚಾರದಲ್ಲಿ ಮಾತಾಡುವ ಹಕ್ಕು ನಮ್ಮ ಕಡೆಯವರಿಗೆ ಬೇರೆ ಯಾರಿಗಿಂತಲೂ ಕಡಿಮೆಯಿಲ್ಲ.

ಆ ಹಕ್ಕನ್ನು ಚಲಾಯಿಸೋಣವೆಂದೇ ನಾವು ಐದು ಜನ ಬೆಂಗಳೂರಿನ ಒಂದು ಪಬ್‌ಗೆ ಹೋದೆವು. ಹಲವು ಶಾಖೆಗಳಿರುವ, ತನ್ನ ಏಲ್ ತಾನೇ ತಯಾರಿಸುವ ಪಬ್. ನಮ್ಮಲ್ಲಿ ಇಬ್ಬರು ಹೆಣ್ಣುಮಕ್ಕಳು. ಒಬ್ಬ ಕುಡಿಯುವುದೇ ಇಲ್ಲ, ವಾಸನೆ ನೋಡಿ ಹೇಳುವ ಕೆಲಸ ಅವನದು. ನಾಲ್ಕು ಬಗೆ ತರಿಸಿ, ಒಂದೊಂದು ಲೋಟವನ್ನೂ ಹಂಚಿಕೊಂಡೆವು.

ತೀರ್ಪು ಹೇಳುವ ಮೊದಲು ಏಲ್ ಎಂದರೇನು ಎಂಬುದು ಗೊತ್ತಿರಬೇಕು. ನಮ್ಮೂರ ಅಂಗಡಿಯಲ್ಲಿ ಸಿಗುವ ಬಾಟಲಿ ಬಿಯರ್ ಬಹುತೇಕ ಎಲ್ಲವೂ ಲಾಗರ್. ತಣ್ಣನೆಯ ಹದದಲ್ಲಿ ನಿಧಾನವಾಗಿ ಹುದುಗಿಸಿದ್ದು. ಏಲ್ ಸ್ವಲ್ಪ ಬೆಚ್ಚಗಿನ ಹದದಲ್ಲಿ, 15ರಿಂದ 22 ಡಿಗ್ರಿಯಲ್ಲಿ, ಬೇಗ ಹುದುಗುತ್ತದೆ. ಆ ಬೆಚ್ಚಗೆಗೆ ಯೀಸ್ಟ್ ಬಗೆಬಗೆಯ ಪರಿಮಳ ಬಿಡುತ್ತದೆ. ಇಡ್ಲಿ ಹಿಟ್ಟು ಚಳಿಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಹುಳಿ ಬರುವುದನ್ನು ಕಂಡವರಿಗೆ ಇದು ದೊಡ್ಡ ವಿದ್ಯೆಯೇನಲ್ಲ.

ಮೊದಲನೆಯದು ಗೋಧಿ ಏಲ್. ಲೋಟ ಮೂಗಿನ ಹತ್ತಿರ ತಂದರೆ ಮಾಗಿದ ರಸಬಾಳೆ, ಹಿಂದೆಯೇ ಒಂದು ಲವಂಗ. ಬಾಳೆಹಣ್ಣೂ ಹಾಕಿಲ್ಲ, ಲವಂಗವೂ ಹಾಕಿಲ್ಲ; ಎರಡೂ ಯೀಸ್ಟ್ ಕೊಟ್ಟದ್ದು. ತೆಳುವಾಗಿ, ಕೊನೆಗೆ ಸಣ್ಣ ಹುಳಿಯೊಂದಿಗೆ ಇಳಿಯುತ್ತದೆ. ಚೆನ್ನಾಗಿತ್ತು, ಎರಡು ಮಾತಿಲ್ಲ. ಎರಡನೆಯದು ಕೆಂಪು ಏಲ್. ಹುರಿಗಡಲೆಯ ಘಮ, ಬೆಲ್ಲದ ಪಾಕ ಒಂದು ಎಳೆ ಜಾಸ್ತಿ ಕಾದಂಥ ರುಚಿ. ಆದರೆ ನಾಲಿಗೆಯ ಕೊನೆಯಲ್ಲಿ ಸ್ವಲ್ಪ ಕಮಟು; ಪೀಪಾಯಿಯಲ್ಲಿ ಹೆಚ್ಚು ದಿನ ನಿಂತಿತ್ತೆಂದು ನಮ್ಮ ಗುಮಾನಿ. ಮೂರನೆಯದು ಐಪಿಎ. ಹಾಗಲಕಾಯಿಯ ಕಹಿ, ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಘಾಟು. ಇಬ್ಬರಿಗೆ ಹಿಡಿಸಿತು, ಇಬ್ಬರು ಮುಖ ಕಿವಿಚಿದರು. ಮೂರಕ್ಕೂ ಒಂದೇ ದೂರು: ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಕೊಟ್ಟರು. ಐಸ್‌ನಂತೆ ಕೊಟ್ಟರೆ ಏಲ್‌ನ ಅರ್ಧ ರುಚಿ ಸತ್ತುಹೋಗುತ್ತದೆ. ಲೋಟ ಹತ್ತು ನಿಮಿಷ ಮೇಜಿನ ಮೇಲೆ ಕೂತ ಮೇಲೆಯೇ ರಸಬಾಳೆ ಸರಿಯಾಗಿ ಹೊರಗೆ ಬಂದದ್ದು.

ನಾಲ್ಕನೆಯದು ರಾಗಿ ಏಲ್. ಇದಕ್ಕೇ ನಾವು ಹೆಚ್ಚು ಆಸೆಪಟ್ಟಿದ್ದೆವು. ಕಪ್ಪಗಿತ್ತು, ಸುಟ್ಟ ಕಾಫಿಬೀಜದ ವಾಸನೆಯಿತ್ತು, ರಾಗಿ ಮಾತ್ರ ಸಿಗಲಿಲ್ಲ. ರಾಗಿ ಹುರಿದರೆ ಬರುವ ಹುರಿಹಿಟ್ಟಿನ ಘಮ, ಮೊಳಕೆ ರಾಗಿಯ ಆ ಹಸಿ ಸಿಹಿ, ಯಾವುದೂ ಇರಲಿಲ್ಲ. ಅಲ್ಲಿದ್ದದ್ದು ಸುಟ್ಟ ಬಾರ್ಲಿಯ ರುಚಿ. ಎಷ್ಟು ರಾಗಿ ಹಾಕಿದ್ದೀರಿ, ಎಲ್ಲಿಯದು ಎಂದು ಕೇಳಿದೆವು. ಅಷ್ಟು ಹೊತ್ತು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದ ಬಡಿಸುವ ಹುಡುಗ ನಮ್ಮ ಮಾತು ಕೇಳಿ ಕನ್ನಡಕ್ಕೆ ಇಳಿದ. ಕೊಳ್ಳೇಗಾಲದ ಕಡೆಯವನು. 'ಅದ್ನೆಲ್ಲ ನಮ್ಗೆ ಹೇಳಲ್ಲ ಅಣ್ಣ. ರಾಗಿ ಅಂತ ಬರದ್ರೆ ಜನ ತಗತರೆ' ಎಂದ. ಮೆನುವಿನಲ್ಲಿ ಒಂದೇ ಒಂದು ಕನ್ನಡ ಅಕ್ಷರವಿರಲಿಲ್ಲ. ರಾಗಿ ಎಂಬ ಪದವೂ ಇಂಗ್ಲಿಷಿನಲ್ಲೇ ಇತ್ತು.

ಒಟ್ಟು ತೀರ್ಪು ಇಷ್ಟು: ಎರಡು ಚೆನ್ನಾಗಿವೆ, ಒಂದು ಪರವಾಗಿಲ್ಲ, ಒಂದು ಮೋಸ. ತೆರಿಗೆ ಎಲ್ಲ ಸೇರಿ ಬಿಲ್ಲು 1,700 ರೂಪಾಯಿ ಚಿಲ್ಲರೆ. 2025-26ಕ್ಕೆ ಕರ್ನಾಟಕದಲ್ಲಿ ನರೇಗಾ ದಿನಗೂಲಿ 370 ರೂಪಾಯಿ. ಒಂದು ಲೋಟಕ್ಕೆ ಒಂದು ದಿನದ ಕೂಲಿ ಸಾಲದು.

ನಿಮಗೆ ದುಬಾರಿಯಾದರೆ ಹೋಗಬೇಡಿ, ಅಷ್ಟೇ ತಾನೆ ಎಂದು ಕೆಲವರು ಹೇಳುತ್ತಾರೆ. ನಮ್ಮ ಜಗಳ ಬೆಲೆಯ ಬಗ್ಗೆ ಅಲ್ಲ. ಆ ಪಬ್‌ನಲ್ಲಿ ನಾವು ಕಂಡ ಒಳ್ಳೆಯ ಸಂಗತಿಗಳನ್ನು ಎಣಿಸಿ ನೋಡಿ. ಕೂರಲು ಕುರ್ಚಿ. ಕುಡಿಯಲು ನೀರು. ಬಾಗಿಲಿರುವ ಶೌಚಾಲಯ. ಜೊತೆಗೆ ಊಟ. ಹೆಣ್ಣುಮಕ್ಕಳು ಬಂದು ಕೂತರೆ ಯಾರೂ ತಿರುಗಿ ನೋಡದ ವಾತಾವರಣ. ಪ್ರತಿ ಲೋಟದಲ್ಲಿ ಎಷ್ಟು ಆಲ್ಕೋಹಾಲ್ ಇದೆ ಎಂದು ಹಲಗೆಯ ಮೇಲೆ ಬರೆದಿದ್ದರು. ಎಲ್ಲವೂ ಶೇ 5ರ ಆಸುಪಾಸು. ಒಂದೂವರೆ ಗಂಟೆ ಕೂತು, ಮಾತಾಡಿ, ನೆಟ್ಟಗೆ ನಡೆದುಕೊಂಡು ಹೊರಗೆ ಬಂದೆವು.

ಈಗ ಎಚ್.ಡಿ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣದ ಯಾವುದೇ ಹೋಬಳಿಯ ಎಣ್ಣೆ ಅಂಗಡಿ ನೋಡಿ. ಕಬ್ಬಿಣದ ಸರಳು, ಅದರಲ್ಲಿ ಕೈ ತೂರುವಷ್ಟು ಕಿಂಡಿ. ಚಿಲ್ಲರೆ ಮಾರಾಟದ ಸಿಎಲ್-2 ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ. ಹಾಗಾಗಿ ಪ್ಯಾಕೆಟ್ ಹಿಡಿದವನು ಹೋಗುವುದು ನಾಲೆ ಏರಿಗೆ, ಸ್ಕೂಲ್ ಕಾಂಪೌಂಡಿನ ಹಿಂದಕ್ಕೆ, ಬಸ್ ಸ್ಟ್ಯಾಂಡಿಗೆ. ಒಳಗಿರುವ ಆಯ್ಕೆ ಎರಡೇ: ಶೇ 8ರ ಹತ್ತಿರದ ಸ್ಟ್ರಾಂಗ್ ಬಿಯರ್, ಇಲ್ಲವೇ ಅಗ್ಗದ ವಿಸ್ಕಿ.

ಲೆಕ್ಕ ಹಾಕಿ ನೋಡೋಣ. ಶೇ 42.8ರ ವಿಸ್ಕಿಯ 90 ಎಂ.ಎಲ್. ಪ್ಯಾಕೆಟ್‌ನಲ್ಲಿ ಅಪ್ಪಟ ಆಲ್ಕೋಹಾಲ್ 38 ಎಂ.ಎಲ್.ಗಿಂತ ಹೆಚ್ಚು. ಶೇ 5ರ ಏಲ್‌ನ 330 ಎಂ.ಎಲ್. ಲೋಟದಲ್ಲಿ 16.5 ಎಂ.ಎಲ್. ನಾವು ಒಂದೂವರೆ ಗಂಟೆ ಕೂತು ತಲಾ ಒಂದು ಲೋಟದಲ್ಲಿ ಕುಡಿದದ್ದರ ಎರಡು ಪಟ್ಟಿಗೂ ಮೀರಿದ್ದನ್ನು ನಮ್ಮೂರ ಕೂಲಿಯವನು ನಿಂತಲ್ಲೇ ಎರಡು ನಿಮಿಷದಲ್ಲಿ, ಖಾಲಿ ಹೊಟ್ಟೆಗೆ ಇಳಿಸುತ್ತಾನೆ. ಅವನಿಗೆ ರುಚಿ ಗೊತ್ತಿಲ್ಲವೆಂದಲ್ಲ. ರುಚಿ ನೋಡುವ ಯಾವ ಸೌಕರ್ಯವನ್ನೂ ಅವನಿಗೆ ಉಳಿಸಿಲ್ಲ.

ಇದು ತಾನಾಗಿ ಆದದ್ದಲ್ಲ. ಈಚಲ ಮರದ ಹೆಂಡ ನಮ್ಮ ಸೀಮೆಯ ಹಳೆಯ ಪಾನೀಯ. ಅದರ ಅಮಲು ಹೆಚ್ಚುಕಡಿಮೆ ಈ ಏಲ್‌ನಷ್ಟೇ. ಅದಕ್ಕೆ ಕಲಬೆರಕೆ ಸೇರಿತು, ಜನರ ಆರೋಗ್ಯ ಕೆಟ್ಟಿತು ಎಂಬುದು ಸುಳ್ಳಲ್ಲ. ಆದರೆ ಸರ್ಕಾರ ಕಲಬೆರಕೆ ಹಿಡಿಯುವ ಬದಲು ಹೆಂಡವನ್ನೇ ಎತ್ತಿಹಾಕಿತು. ಇವತ್ತು ಕರಾವಳಿಯಲ್ಲಿ ಕಾನೂನುಬದ್ಧವಾಗಿರುವ ಸೇಂದಿ ಮೈಸೂರು ಜಿಲ್ಲೆಯಲ್ಲಿ ಅಪರಾಧ. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ನಿಂತದ್ದು ಒಳ್ಳೆಯದೇ. ಆದರೆ ಕುಡಿತ ನಿಲ್ಲಲಿಲ್ಲ, ಪ್ಯಾಕೆಟ್ ಮಾತ್ರ ಬದಲಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಇನ್ನು ನಾಲ್ಕೇ ವರ್ಷದಲ್ಲಿ, ಬೆಂಗಳೂರಿನಲ್ಲಿ ಮೊದಲ ಕಿರು ಬ್ರೂವರಿ ಬಾಗಿಲು ತೆರೆಯಿತು. ನಗರಕ್ಕೆ ಶೇ 5ರ ತಾಜಾ ಏಲ್, ಹಳ್ಳಿಗೆ ಶೇ 42.8ರ ಪ್ಯಾಕೆಟ್. ಇದನ್ನು ಅಬಕಾರಿ ನೀತಿ ಎನ್ನುತ್ತಾರೆ.

ತೆರಿಗೆಯೂ ಅದೇ ದಾರಿ ಹಿಡಿದಿದೆ. 2023ರ ಜುಲೈನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. 2024ರ ಆಗಸ್ಟ್‌ನಲ್ಲಿ ದುಬಾರಿ ಮದ್ಯದ ದರ ಇಳಿಯಿತು. 2025ರ ಜನವರಿಯಲ್ಲಿ ಬಿಯರ್ ಸುಂಕ ಮತ್ತೆ ಏರಿತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ನಿರೀಕ್ಷಿಸಿರುವ ಆದಾಯ 40,000 ಕೋಟಿ ರೂಪಾಯಿ. ಕಡಿಮೆ ಅಮಲಿನದ್ದು ದುಬಾರಿಯಾಗುತ್ತಾ ಹೋದರೆ ಬಡವನ ಕೈ ಯಾವ ಕಡೆಗೆ ಹೋಗುತ್ತದೆ ಎಂಬುದನ್ನು ತಿಳಿಯಲು ವಿಧಾನಸೌಧದಲ್ಲಿ ಕೂರಬೇಕಿಲ್ಲ.

ಕುಡಿತದಿಂದ ಮನೆಮನೆ ಹಾಳಾಗುತ್ತಿರುವಾಗ ಏಲ್‌ನ ರುಚಿ ಹೇಳಿಕೊಂಡು ಕೂತಿದ್ದೀರಾ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಗೆ ನಾವು ತಲೆಬಾಗುತ್ತೇವೆ. 2019ರ ಜನವರಿಯ ಚಳಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಬಂದ ಸಾವಿರಾರು ಹೆಂಗಸರು ಹಳ್ಳಿಹಳ್ಳಿಯಿಂದ ಬಂದವರು. ಕೂಲಿ ದುಡ್ಡು ಅದೇ ಸಂಜೆ ಕಿಂಡಿಯೊಳಗೆ ಹೋಗುವುದನ್ನು, ಪೆಟ್ಟಿಗೆ ಅಂಗಡಿಯಲ್ಲಿ ಬೀಡಿ–ಬಿಸ್ಕೆಟ್ ಜೊತೆ ಕದ್ದು ಮಾರುವ ಪ್ಯಾಕೆಟ್ ಅನ್ನು ಕಂಡವರು. ನಮ್ಮಲ್ಲಿ ಹಲವರ ಮನೆಗಳಲ್ಲೂ ಆ ಕಥೆ ಇದೆ. ಪೂರ್ತಿ ನಿಷೇಧ ಬೇಕೋ ಬೇಡವೋ ಎಂಬುದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಆದರೆ ಒಂದು ಮಾತಿಗೆ ಎಲ್ಲರೂ ಒಪ್ಪುತ್ತೇವೆ: ಕುಡಿತವನ್ನು ನಗರದಲ್ಲಿ ಅಭಿರುಚಿ ಎಂದು, ಹಳ್ಳಿಯಲ್ಲಿ ಆದಾಯ ಎಂದು ನೋಡುವ ಸರ್ಕಾರಕ್ಕೆ ಆ ಹೆಂಗಸರ ಮುಂದೆ ನಿಂತು ಬುದ್ಧಿ ಹೇಳುವ ಮುಖವಿಲ್ಲ.

ಕುಡಿಯುವವರು ಒಟ್ಟಾಗಿ ರುಚಿಯ ಬಗ್ಗೆ ಮಾತಾಡುವುದು ಶೋಕಿಯೂ ಅಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಕಂಪನಿಗಳು ಎಲ್ಲ ಪಬ್‌ಗಳಿಗೂ ಒಂದೇ ಥರದ ಸಪ್ಪೆ ಬಿಯರ್ ತುಂಬಿಸುತ್ತಿದ್ದಾಗ, 1971ರಲ್ಲಿ ನಾಲ್ಕು ಜನ ಸೇರಿ ನಿಜವಾದ ಏಲ್ ಉಳಿಸಿ ಎಂದು ಕ್ಯಾಮ್ರಾ ಸಂಘಟನೆ ಕಟ್ಟಿದರು. ಅವರಲ್ಲಿ ಪತ್ರಕರ್ತರೂ ಇದ್ದರು. 1979ರಲ್ಲಿ ಲಂಡನ್ನಿನಲ್ಲಿ ಶುರುವಾದ ವೆದರ್‌ಸ್ಪೂನ್ ಎಂಬ ಚೈನ್ ಪಬ್ ಹಳೆಯ ಸಿನಿಮಾ ಮಂದಿರ, ಬ್ಯಾಂಕು ಕಟ್ಟಡಗಳಲ್ಲಿ ಕಡಿಮೆ ಬೆಲೆಗೆ ಏಲ್ ಕೊಟ್ಟು ಹೆಸರಾಯಿತು. ಅಲ್ಲಿ ಚೈನ್ ಪಬ್ ಎಂದರೆ ದುಡಿಯುವವರೂ ಹೋಗುವ ಜಾಗ. ನಮ್ಮಲ್ಲಿ ಮಾತ್ರ ಅದು ಸಾಫ್ಟ್‌ವೇರ್ ಸಂಬಳದ ಜಾಗ.

ತೀರ್ಪು ಕೊಡುವ ನಾಲಿಗೆ, ಮೂಗು ನಮ್ಮವರಿಗೆ ಇಲ್ಲ ಎನ್ನುವವರು ಕಟ್ಟೆಮಳಲವಾಡಿಯ ತಂಬಾಕು ಹರಾಜಿಗೆ ಒಮ್ಮೆ ಬರಲಿ. ಬ್ಯಾರನ್ನಿಂದ ಇಳಿಸಿದ ಎಲೆಯ ಬಣ್ಣ, ಜಿಡ್ಡು, ವಾಸನೆ ನೋಡಿ ಗ್ರೇಡು ಹೇಳುವ ರೈತನಿಗೆ ಏಲ್ ಲೋಟ ಯಾವ ಲೆಕ್ಕ? ಒಗರು, ಚೊಗರು, ಕಮಟು, ಕನರು, ಘಾಟು, ಘಮ ಎಂದು ಇಷ್ಟು ಪದಗಳಿರುವ ಭಾಷೆಯವರು ನಾವು. ಇನ್ನು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ ಮಗುವಿಗೆ ಕುಡಿಸುವ ಪ್ರತಿ ಅಜ್ಜಿಗೂ ಮಾಲ್ಟ್ ಮಾಡುವ ವಿದ್ಯೆ ಗೊತ್ತು. ಅಂಥವರ ರಾಗಿಯ ಹೆಸರು ಬರೆದು ಸುಟ್ಟ ಬಾರ್ಲಿ ಕುಡಿಸುತ್ತೀರಲ್ಲ, ಅದಕ್ಕೆ ಸಿಟ್ಟು.

ಆದ್ದರಿಂದ ಕೇಳುತ್ತೇವೆ. ರಾಗಿ ಎಂದು ಬರೆದರೆ ಎಷ್ಟು ರಾಗಿ, ಯಾವ ತಾಲ್ಲೂಕಿನದು ಎಂದು ಕನ್ನಡದಲ್ಲೇ ಬರೆಯಿರಿ. ಬಾಟಲಿಯ ಬೆಲೆ ನೋಡಿ ಅಲ್ಲ, ಒಳಗಿರುವ ಆಲ್ಕೋಹಾಲ್ ಎಷ್ಟೆಂದು ನೋಡಿ ತೆರಿಗೆ ಹಾಕಿ. ಆಗ ಶೇ 5ರದ್ದು ಶೇ 42.8ರದ್ದಕ್ಕಿಂತ ಅಗ್ಗವಾಗುತ್ತದೆ. ಪೆಟ್ಟಿಗೆ ಅಂಗಡಿಯ ಕಳ್ಳ ಮಾರಾಟಕ್ಕೆ ಅಲ್ಲಿನ ಅಬಕಾರಿ ಇನ್‌ಸ್ಪೆಕ್ಟರ್ ಹೊಣೆ ಎಂದು ಆದೇಶ ಹೊರಡಿಸಿ. ಅಂಗಡಿ ಬೇಕೋ ಬೇಡವೋ ಎಂಬುದನ್ನು ಆ ಊರಿನ ಗ್ರಾಮಸಭೆಗೆ, ಹೆಂಗಸರ ಓಟು ಸೇರಿಸಿ, ಬಿಡಿ. ಬೇಕೆಂದರೆ ಕುರ್ಚಿ, ನೀರು, ಊಟ, ಬೆಳಕು ಇರುವ ಜಾಗ ಕೊಡಿ. ಬೇಡವೆಂದರೆ ಕಿಂಡಿ ಮುಚ್ಚಿ. ಅಣೆಕಟ್ಟು ಕಟ್ಟುವಾಗ ಊರುಗಳನ್ನು ಕೇಳಲಿಲ್ಲ. ಕಬಿನಿಯ ನೀರಿನಡಿ ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಮುಳುಗಿದವು. ಎಣ್ಣೆಯ ವಿಷಯದಲ್ಲಾದರೂ ಒಂದು ಸಲ ಕೇಳಿ ನೋಡಿ.