ಕಾಲಿನ ಆಪರೇಶನ್: ನೋವು ತಡೆದುಕೊಳ್ಳಲೇಬೇಕೆ?

'ಆಪರೇಶನ್ ಅಂದಮ್ಯಾಲ ನೋವು ಇರೂದ, ತಡಕೋಬೇಕು.' ಹಾವೇರಿ, ರಾಣೆಬೆನ್ನೂರು ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡವರಿಗೂ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲ ಹೊತ್ತು ಜಾರಿದ ಹಮಾಲರಿಗೂ ಹಿರಿಯರು ಹೇಳುವ ಸಮಾಧಾನ ಇದೇ. ಈ ಮಾತನ್ನು ಬಿಡುವ ಕಾಲ ಬಂದಿದೆ.

ಕಾಲಿನ ನೋವನ್ನು ಮೆದುಳಿಗೆ ಮುಟ್ಟಿಸುವುದು ನರಗಳು. ತೊಡೆಸಂದಿಯಲ್ಲೋ ಮೊಣಕಾಲಿನ ಹಿಂದೆಯೋ ನರದ ಪಕ್ಕಕ್ಕೆ ಅರಿವಳಿಕೆ ಮದ್ದು ಚುಚ್ಚಿದರೆ ಆ ಸುದ್ದಿ ಅಲ್ಲಿಯೇ ನಿಲ್ಲುತ್ತದೆ. ಇದೇ ನರ್ವ್ ಬ್ಲಾಕ್. ಇದರಿಂದ ಮಂಪರು, ವಾಂತಿ ತರುವ ಬಲವಾದ ನೋವುನಿವಾರಕಗಳ ಅಗತ್ಯ ತಗ್ಗುತ್ತದೆ.

ಇದಕ್ಕೆ ಬಳಸುವ ಮದ್ದುಗಳಲ್ಲಿ ಮುಖ್ಯವಾದವು ಮೂರು. ಸ್ವೀಡನ್ನಿನಲ್ಲಿ 1943ರಲ್ಲಿ ತಯಾರಾದ ಲಿಗ್ನೊಕೇನ್ ಬೇಗ ಹಿಡಿಯುತ್ತದೆ, ಕೆಲವೇ ತಾಸಿನಲ್ಲಿ ಬಿಡುತ್ತದೆ. ಹಲ್ಲು ಕೀಳುವಾಗ ಕೊಡುವುದೂ ಸಾಮಾನ್ಯವಾಗಿ ಇದನ್ನೇ. 1957ರಲ್ಲಿ ಬಂದ ಬುಪಿವಕೇನ್ ಹಿಡಿಯಲು ಅರ್ಧ ತಾಸು ಬೇಕಾದೀತು. ಆದರೆ ದೊಡ್ಡ ನರಗಳಿಗೆ ಕೊಟ್ಟಾಗ 8ರಿಂದ 12 ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ನೋವು ತಡೆಯುತ್ತದೆ. ಅದು ಅಕಸ್ಮಾತ್ ರಕ್ತನಾಳ ಸೇರಿದರೆ ಅಥವಾ ಪ್ರಮಾಣ ಮೀರಿದರೆ ಹೃದಯಕ್ಕೆ ಅಪಾಯ. 1990ರ ದಶಕದಲ್ಲಿ ಬಳಕೆಗೆ ಬಂದ ರೋಪಿವಕೇನ್‌ನಲ್ಲಿ ಈ ಅಪಾಯ ಕಡಿಮೆ. ಅವಧಿ ತುಸು ಕಡಿಮೆಯಾದರೂ ಕಾಲಿನ ಬಲ ಬೇಗ ಮರಳುತ್ತದೆ. ಬೆಲೆ ಮಾತ್ರ ಹೆಚ್ಚು.

ಹಾಗೆಂದು ದುಬಾರಿಯಾದದ್ದೇ ಎಲ್ಲರಿಗೂ ಬೇಕೆಂದಿಲ್ಲ. ನುರಿತ ಅರಿವಳಿಕೆ ತಜ್ಞರು ರೋಗಿಯ ತೂಕ ನೋಡಿ, ಅಲ್ಟ್ರಾಸೌಂಡ್‌ನಲ್ಲಿ ಸೂಜಿಯ ಜಾಡು ಗಮನಿಸುತ್ತ ಕೊಟ್ಟರೆ ಬುಪಿವಕೇನ್ ಬಹುಪಾಲು ಜನರಿಗೆ ಸಾಕು. ಹೃದ್ರೋಗಿಗಳಿಗೆ, ವಯಸ್ಸಾದವರಿಗೆ, ಹೆಚ್ಚು ಪ್ರಮಾಣ ಬೇಕಾದವರಿಗೆ ರೋಪಿವಕೇನ್‌ಗೆ ಕೊಡುವ ಹಣ ವ್ಯರ್ಥವಲ್ಲ.

ಮನೆಯವರು ಮರೆಯಬಾರದ ಸಂಗತಿಗಳೂ ಇವೆ. ಮಧ್ಯಾಹ್ನ ಕೊಟ್ಟ ಬ್ಲಾಕ್ ನಡುರಾತ್ರಿ ಬಿಡಬಹುದು; ಆಗ ನೋವು ಒಮ್ಮೆಲೇ ನುಗ್ಗುತ್ತದೆ. ವೈದ್ಯರು ಬರೆದ ಗುಳಿಗೆಯನ್ನು ಮರಗಟ್ಟುವಿಕೆ ಪೂರ್ತಿ ಇಳಿಯುವ ಮೊದಲೇ, ಅವರು ಹೇಳಿದ ವೇಳೆಗೆ ಕೊಡಬೇಕು. ಮರಗಟ್ಟಿದ ಕಾಲಿಗೆ ಬಿಸಿ ಶಾಖ ಕೊಡಬಾರದು, ಆಸರೆಯಿಲ್ಲದೆ ನಿಲ್ಲಿಸಬಾರದು. ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಮದ್ದಿಗೂ ಬಗ್ಗದೆ ನೋವು ಏರುತ್ತಿದ್ದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಕರೆಯಬೇಕು.

ಆಪರೇಶನ್‌ಗೆ ಖರ್ಚೆಷ್ಟು ಎಂದು ನಾವೆಲ್ಲ ಕೇಳುತ್ತೇವೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇನ್ನೊಂದು ಮಾತನ್ನೂ ಕೇಳೋಣ: 'ಡಾಕ್ಟರೇ, ರಾತ್ರಿಯ ನೋವಿಗೆ ಏನು ಕೊಡುತ್ತೀರಿ, ಅದು ಎಷ್ಟು ತಾಸು ಇರುತ್ತದೆ?'