ನೂತನ ವಸ್ತುವೂ ನೆರೆದ ಸಭೆಯೂ

1844ನೆಯ ಇಸವಿಯ ಡಿಸೆಂಬರ್ 10ರಂದು, ಅಮೆರಿಕದ ಹಾರ್ಟ್‌ಫರ್ಡ್ ನಗರದಲ್ಲಿ, ಗಾರ್ಡ್ನರ್ ಕೋಲ್ಟನ್ ಎಂಬಾತನು ಹಣ ತೆತ್ತು ಬಂದ ಜನರ ಮುಂದೆ ವಿಚಿತ್ರವಾದ ಒಂದು ಅನಿಲವನ್ನು ಪ್ರದರ್ಶನಕ್ಕಿಟ್ಟನು. ನೈಟ್ರಸ್ ಆಕ್ಸೈಡ್ ಎಂದು ಶಾಸ್ತ್ರದಲ್ಲಿಯೂ ನಗೆಯ ಅನಿಲವೆಂದು ಲೋಕದಲ್ಲಿಯೂ ಹೆಸರಾದ ಅದನ್ನು ಸೇದಿದವರು ವೇದಿಕೆಯ ಮೇಲೆ ಕುಣಿಯುವುದನ್ನೂ ತೊದಲುವುದನ್ನೂ ಒಬ್ಬರ ಮೇಲೊಬ್ಬರು ಬೀಳುವುದನ್ನೂ ನೋಡಿ ಹೊಟ್ಟೆತುಂಬ ನಗುವುದೇ ಆ ಪ್ರದರ್ಶನದ ವಿನೋದ. ಸೇದಿದವರಲ್ಲಿ ಕೂಲಿ ಎಂಬ ಯುವಕನೊಬ್ಬನು ಅಮಲಿನಲ್ಲಿ ಓಡಾಡುತ್ತ ಕಾಲನ್ನು ಗಾಯಮಾಡಿಕೊಂಡು, ಗಾಯವಾದುದರ ಅರಿವೇ ಇಲ್ಲದೆ ಬಂದು ತನ್ನ ಸ್ಥಾನದಲ್ಲಿ ಕುಳಿತನು. ಸಭೆ ನಕ್ಕಿತು. ಸಮೀಪದಲ್ಲಿದ್ದ ಹೊರೇಸ್ ವೆಲ್ಸ್ ಎಂಬ ದಂತವೈದ್ಯನೊಬ್ಬನು ಮಾತ್ರ ಅವನಿಗೆ ನೋವಾಯಿತೇ ಇಲ್ಲವೇ ಎಂಬುದನ್ನು ವಿಚಾರಿಸಿದನು. ಇಲ್ಲವೆಂಬ ಉತ್ತರವನ್ನು ಮನೆಗೊಯ್ದು, ಮರುದಿನವೇ ಕೋಲ್ಟನ್ನನನ್ನು ಕರೆಯಿಸಿ, ಆ ಅನಿಲವನ್ನು ತಾನೇ ಸೇದಿ, ಸಹೋದ್ಯೋಗಿಯೊಬ್ಬನಿಂದ ತನ್ನ ಹಲ್ಲನ್ನು ಕೀಳಿಸಿಕೊಂಡನು. ವೇದನೆಯಿಲ್ಲದ ಶಸ್ತ್ರಚಿಕಿತ್ಸೆಯೆಂಬ ಮಹದುಪಕಾರಕ್ಕೆ ನಾಂದಿಯಾದದ್ದು ಹೀಗೆ ಪ್ರೇಕ್ಷಕನೊಬ್ಬನ ಪ್ರಶ್ನೆ.

ಹೊಸ ವಸ್ತುವೊಂದು ಲೋಕಕ್ಕೆ ಬರುವ ಸಂದರ್ಭವನ್ನು ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಕಲ್ಪಕನ ಪ್ರತಿಭೆಯನ್ನು ಕೊಂಡಾಡುತ್ತೇವೆ, ಅವನನ್ನು ಹಳಿದವರ ಮೌಢ್ಯವನ್ನು ನಿಂದಿಸುತ್ತೇವೆ. ಈ ಕಥೆ ಅಷ್ಟು ಸರಳವಾದುದಲ್ಲ. ಶಸ್ತ್ರಕ್ರಿಯೆಗಳಲ್ಲಿ ಈ ಅನಿಲವು ಉಪಯೋಗಕ್ಕೆ ಬಂದೀತೆಂದು ಹಂಫ್ರಿ ಡೇವಿಯು 1800ರಲ್ಲಿಯೇ ಗ್ರಂಥಸ್ಥವಾಗಿ ಸೂಚಿಸಿದ್ದನು. ಅಲ್ಲಿಂದ ನಾಲ್ವತ್ತನಾಲ್ಕು ವರ್ಷಗಳ ಕಾಲ ಪ್ರದರ್ಶನಗಳಲ್ಲಿ ಅದನ್ನು ಕಂಡವರು ಸಾಮಾನ್ಯವಾಗಿ ಅದನ್ನು ದೂಷಿಸಲಿಲ್ಲ. ಸಂತೋಷದಿಂದ ನೋಡಿದರು, ನಕ್ಕರು, ಮನೆಗೆ ಹೋದರು. ಹಾಗಾದರೆ ಪ್ರೇಕ್ಷಕನು ಕಲ್ಪಕನಿಗೆ ಮಾಡಬಹುದಾದ ಕೇಡು ತಿರಸ್ಕಾರವೊಂದೇ ಅಲ್ಲ. ವಿನೋದವೂ ಚಪ್ಪಾಳೆಯೂ ತಿರಸ್ಕಾರದಷ್ಟೇ ಸಮರ್ಥವಾಗಿ ಒಂದು ಸತ್ಯವನ್ನು ಮರೆಮಾಡಬಲ್ಲವು. ಏಕೆಂದರೆ ಎದುರಿಗಿರುವ ವಿಷಯವು ಇಂದಿಗೆ, ಇಲ್ಲಿಗೆ ತೀರಿತು ಎಂಬ ಭಾವ ಈ ಮೂರಕ್ಕೂ ಸಮಾನವಾದುದು.

ವೆಲ್ಸನ ಮುಂದಿನ ಕಥೆ ಪ್ರಸಿದ್ಧವಾದುದು. ಹಲವು ರೋಗಿಗಳ ಮೇಲೆ ಪ್ರಯೋಗ ಮಾಡಿ ಫಲವನ್ನು ಕಂಡ ಅವನು 1845ರ ಜನವರಿಯಲ್ಲಿ ಬಾಸ್ಟನ್ನಿಗೆ ಹೋಗಿ, ಜಾನ್ ಕಾಲಿನ್ಸ್ ವಾರೆನ್ ಎಂಬ ಪ್ರಖ್ಯಾತ ಶಸ್ತ್ರವೈದ್ಯನ ಅನುಮತಿಯನ್ನು ಪಡೆದು, ವೈದ್ಯವಿದ್ಯಾರ್ಥಿಗಳ ಸಮ್ಮುಖದಲ್ಲಿ ಒಬ್ಬನ ಹಲ್ಲನ್ನು ಕಿತ್ತನು. ಅನಿಲದ ಚೀಲವನ್ನು ತುಸು ಬೇಗ ತೆಗೆದುದರಿಂದಲೋ ಏನೋ, ರೋಗಿಯು ನರಳಿದನು. ಆ ಒಂದು ನರಳಿಕೆ ಸಾಕಾಯಿತು: ಇದೆಲ್ಲ ಮೋಸವೆಂಬ ಕೂಗೆದ್ದಿತು, ಸಭೆ ಗೇಲಿಮಾಡಿತು, ವೆಲ್ಸನು ತಲೆ ತಗ್ಗಿಸಿ ಊರಿಗೆ ಮರಳಿದನು. ತನಗೆ ಅಂತಹ ನೋವೇನೂ ತಿಳಿಯಲಿಲ್ಲವೆಂದು ರೋಗಿಯು ಆಮೇಲೆ ಹೇಳಿದನಂತೆ. ಆದರೆ ಅದನ್ನು ಕೇಳಲು ಅಲ್ಲಿ ಉಳಿದಿದ್ದವರು ಯಾರು? ಎರಡು ವರ್ಷ ತುಂಬುವ ಮೊದಲೇ, 1846ರ ಅಕ್ಟೋಬರ್ 16ರಂದು, ಅದೇ ಬಾಸ್ಟನ್ನಿನಲ್ಲಿ ಅದೇ ವಾರೆನ್ನನು, ವಿಲಿಯಂ ಮಾರ್ಟನ್ ಎಂಬ ಇನ್ನೊಬ್ಬ ದಂತವೈದ್ಯನು ಈಥರಿನ ಆವಿಯಿಂದ ಮೈಮರೆಸಿದ ರೋಗಿಯ ಕೊರಳಿನ ಗಡ್ಡೆಯನ್ನು ಕೊಯ್ದು, ಇದು ಮೋಸವಲ್ಲವೆಂದು ನೆರೆದವರಿಗೆ ಸಾರಿದನು. ವೆಲ್ಸನು 1848ರಲ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಆತ್ಮಹತ್ಯೆ ಮಾಡಿಕೊಂಡನು. ಅವನ ಅನಿಲವನ್ನು 1863ರಲ್ಲಿ ದಂತವೈದ್ಯಕ್ಕೆ ಮರಳಿ ತಂದವನು, ಆಶ್ಚರ್ಯವೆಂದರೆ, ವಿನೋದಪ್ರದರ್ಶನದ ಆ ಕೋಲ್ಟನ್ನನೇ.

ವೆಲ್ಸನನ್ನು ಗೇಲಿಮಾಡಿದ ವಿದ್ಯಾರ್ಥಿಗಳನ್ನು ಮೂಢರೆಂದು ಜರೆಯುವುದು ಸುಲಭ, ನ್ಯಾಯವಲ್ಲ. ವೈದ್ಯದ ಹೆಸರಿನಲ್ಲಿ ಸರ್ವರೋಗಪರಿಹಾರಕವಾದ ತೈಲಗಳೂ ಗುಳಿಗೆಗಳೂ ಬೀದಿಬೀದಿಗಳಲ್ಲಿ ಬಿಕರಿಯಾಗುತ್ತಿದ್ದ ಕಾಲದಲ್ಲಿ ವೈದ್ಯನಾಗಹೊರಟವನು ಸಂಶಯಾತ್ಮನಾಗಿರುವುದು ಕರ್ತವ್ಯವೇ ಆಗಿದ್ದಿತು. ಅದೇ ದೇಶದ ಫಿಲಡೆಲ್ಫಿಯದಲ್ಲಿ ಜಾನ್ ಕೀಲಿ ಎಂಬಾತನು ನೀರಿನಿಂದಲೂ ಸೂಕ್ಷ್ಮಕಂಪನಗಳಿಂದಲೂ ಅಪಾರವಾದ ಶಕ್ತಿಯನ್ನು ಪಡೆಯುವ ಯಂತ್ರವನ್ನು ನಿರ್ಮಿಸಿದ್ದೇನೆಂದು ನಂಬಿಸಿ, 1870ರ ದಶಕದಿಂದ 1898ರಲ್ಲಿ ತಾನು ಸಾಯುವವರೆಗೆ ಕಾಲು ಶತಮಾನದಷ್ಟು ದೀರ್ಘಕಾಲ ಷೇರುದಾರರ ಹಣದಿಂದ ಜೀವಿಸಿದನು. ಅವನ ತರುವಾಯ ಕಾರ್ಯಾಗಾರವನ್ನು ಶೋಧಿಸಿದಾಗ ನೆಲದಡಿಯಲ್ಲಿ ಕಂಡುದು ಒತ್ತಿದ ಗಾಳಿಯನ್ನು ತುಂಬಲು ತಕ್ಕ ಒಂದು ದೊಡ್ಡ ಲೋಹದ ಗೋಳ. ಅವನ ಪ್ರದರ್ಶನಗಳಿಗೆ ಚಪ್ಪಾಳೆಯ ಕೊರತೆಯೇನೂ ಇರಲಿಲ್ಲ. ಆದುದರಿಂದ ಸಂಶಯವನ್ನು ನಾನು ದೂರುತ್ತಿಲ್ಲ. ಸಂಶಯಕ್ಕೂ ಪರಿಹಾಸಕ್ಕೂ ಇರುವ ಅಂತರವನ್ನಷ್ಟೆ ಇಲ್ಲಿ ಗಮನಿಸಬೇಕಾದುದು. ಸಂಶಯವು ಇನ್ನೊಮ್ಮೆ ಮಾಡಿ ತೋರಿಸೆನ್ನುತ್ತದೆ. ಪರಿಹಾಸವು ಇನ್ನೊಮ್ಮೆ ಮಾಡುವ ಮುಖವನ್ನೇ ಉಳಿಸುವುದಿಲ್ಲ.

ಒಬ್ಬೊಬ್ಬರಾಗಿ ವಿನಯದಿಂದಿರುವ ಮನುಷ್ಯರು ಸಭೆಯಾಗಿ ಕೂಡಿದೊಡನೆ ಸರ್ವಜ್ಞರಾಗಿಬಿಡುವುದು ಸಭೆಯು ಪರಿಹಾಸಕ್ಕೆ ಇಳಿಯುವುದಕ್ಕೆ ಇನ್ನೊಂದು ಕಾರಣ. ಪಂಡಿತರ ಸಭೆಯಾದರೆ ಕೇಳಬೇಕಾದುದೇ ಇಲ್ಲ. 1878ರ ಮಾರ್ಚ್‌ನಲ್ಲಿ ಪ್ಯಾರಿಸಿನ ವಿಜ್ಞಾನ ಅಕಾಡೆಮಿಯಲ್ಲಿ ಎಡಿಸನ್ನನ ಫೋನೋಗ್ರಾಫು ಮಾತನಾಡಿದಾಗ ಬುಯ್ಯೋ ಎಂಬ ವೃದ್ಧ ವೈದ್ಯನು ಅದನ್ನು ತುಟಿಯಾಡಿಸದೆ ಮಾತಾಡುವವನ ಕೈವಾಡವೆಂದು ಆಗ್ರಹಪಟ್ಟನೆಂದು ಫ್ಲಾಮಾರಿಯೋನ್ ಎಂಬ ಲೇಖಕನು ಬರೆದಿಟ್ಟಿದ್ದಾನೆ. ಆ ಬುಯ್ಯೋ ಸಾಮಾನ್ಯನಲ್ಲ. ಮನುಷ್ಯನ ಮಾತಿಗೆ ಮಿದುಳಿನ ಮುಂಭಾಗವು ಆಧಾರವೆಂದು ವಾದಿಸಿದ ಮೊದಲಿಗರಲ್ಲಿ ಒಬ್ಬನು. ಅಂತಹವನು ತಗಡಿಗೆ ಮಾತು ಬಂತೆಂಬುದನ್ನು ಹೇಗೆ ಒಪ್ಪಿಯಾನು? ಇವನಿಗೆ ಹೋಲಿಸಿದರೆ, 1783ರಲ್ಲಿ ಪ್ಯಾರಿಸಿನಿಂದ ಹಾರಿಬಂದು ತಮ್ಮ ಹೊಲದಲ್ಲಿ ಇಳಿದ ಜಲಜನಕದ ಬುಗ್ಗೆಯನ್ನು ಭೂತವೆಂದು ಬಗೆದು ಕವೆಗೋಲುಗಳಿಂದ ಇರಿದು ಹರಿದ ಗೊನೆಸ್ ಎಂಬ ಊರಿನ ರೈತರು ನನಗೆ ಹೆಚ್ಚು ಪ್ರಿಯರು. ಅವರು ಎದ್ದು ಹೋಗಿ ವಸ್ತುವನ್ನು ಮುಟ್ಟಿಯಾದರೂ ನೋಡಿದರು.

ನಮ್ಮ ದೇಶದ ಜಗದೀಶಚಂದ್ರ ಬೋಸರ ಅನುಭವದಲ್ಲಿ, ಹೊಸದನ್ನು ಸಭೆಯು ಹೇಗೆ ತೂಗಬೇಕೆಂಬ ಪ್ರಶ್ನೆ ತನ್ನ ಎಲ್ಲ ತೊಡಕಿನೊಡನೆ ಕಾಣಸಿಗುತ್ತದೆ. 1895ರಲ್ಲಿ ಕಲ್ಕತ್ತೆಯ ಟೌನ್ ಹಾಲಿನಲ್ಲಿ, ಬಂಗಾಳದ ಲೆಫ್ಟಿನೆಂಟ್ ಗವರ್ನರರ ಸಮ್ಮುಖದಲ್ಲಿ, ಗೋಡೆಗಳನ್ನು ದಾಟಿಹೋದ ಅದೃಶ್ಯ ವಿದ್ಯುತ್ತರಂಗಗಳಿಂದ ಆಚೆಯ ಕೋಣೆಯಲ್ಲಿ ಗಂಟೆ ಬಾರಿಸಿ, ಮದ್ದನ್ನು ಸಿಡಿಸಿ ಅವರು ಸಭೆಯನ್ನು ಬೆರಗುಗೊಳಿಸಿದರು. 1901ರ ಮೇ 10ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ, ಪ್ರಾಣಿಯ ಸ್ನಾಯು, ಸಸ್ಯದ ಕಾಂಡ, ತವರದ ತಂತಿ ಇವು ಮೂರೂ ಪ್ರಚೋದನೆಗೆ ಒಂದೇ ತೆರನಾಗಿ ವಿದ್ಯುತ್ತಿನಲ್ಲಿ ಪ್ರತಿಕ್ರಿಯೆ ತೋರುವುವೆಂದೂ, ವಿಷದಿಂದ ಮೂರರ ಪ್ರತಿಕ್ರಿಯೆಯೂ ಕುಂದುವುದೆಂದೂ ರೇಖಾಲೇಖಗಳಿಂದ ನಿರೂಪಿಸಿದಾಗ, ಜೀವಕ್ಕೂ ಜಡಕ್ಕೂ ನಡುವಣ ಗೆರೆಯೇ ಅಳಿಸಿಹೋಯಿತೆಂಬಂತೆ ಶ್ರೋತೃಗಳು ಹರ್ಷಿಸಿದರು. ಒಂದು ತಿಂಗಳು ತುಂಬುವ ಮುನ್ನವೇ ರಾಯಲ್ ಸೊಸೈಟಿಯಲ್ಲಿ ಅದೇ ವಿಷಯವನ್ನು ಮಂಡಿಸಿದಾಗ ಬರ್ಡನ್ ಸ್ಯಾಂಡರ್ಸನ್ನರೆಂಬ ಹಿರಿಯ ಶರೀರಶಾಸ್ತ್ರಜ್ಞರು, ಸಾಧಾರಣ ಸಸ್ಯಗಳಲ್ಲಿ ಅಂತಹ ಪ್ರತಿಕ್ರಿಯೆ ತಮಗೆ ಎಂದೂ ದೊರೆತಿಲ್ಲವೆಂದು ಆಕ್ಷೇಪಿಸಿದರು. ಪ್ರಬಂಧವು ಅಚ್ಚಾಗದೆ ಸೊಸೈಟಿಯ ಕಪಾಟನ್ನು ಸೇರಿತು. ಈ ಎರಡು ಸಭೆಗಳಲ್ಲಿ ಸರಿಯಾದುದು ಯಾವುದು? ಪರಾಧೀನ ದೇಶದ ವಿಜ್ಞಾನಿಗೆ ಅನ್ಯಾಯವಾಯಿತೆಂದು ನಾವು ಬಹುಕಾಲ ಹೇಳಿಕೊಂಡು ಬಂದಿದ್ದೇವೆ, ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಸಾಧಾರಣ ಸಸ್ಯಗಳಲ್ಲಿಯೂ ವಿದ್ಯುತ್ ಸಂಜ್ಞೆಗಳು ಸಂಚರಿಸುವುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಲೋಹಕ್ಕೂ ಜೀವವಿದೆಯೆಂಬ, ರಾಯಲ್ ಇನ್‌ಸ್ಟಿಟ್ಯೂಷನ್ನಿನ ಆ ಸಭೆಗೆ ಅತ್ಯಂತ ಪ್ರಿಯವಾದ ಭಾವನೆಯನ್ನು ವಿಜ್ಞಾನವು ಒಪ್ಪಲಿಲ್ಲ. ಒಂದು ಸಭೆ ಹೆಚ್ಚಾಗಿ ಒಪ್ಪಿತು, ಇನ್ನೊಂದು ಹೆಚ್ಚಾಗಿ ನಿರಾಕರಿಸಿತು. ಎರಡೂ ಬಿಡಿಬಿಡಿಯಾಗಿ ತೂಗಬೇಕಾದುದನ್ನು ಒಟ್ಟಾಗಿ ತೂಗಿದವು.

ಬಿಡಿಯಾಗಿ ತೂಗಿದ ಸಭೆಯನ್ನು ಕಾಣಬೇಕಾದರೆ 1920ಕ್ಕೆ ಬರಬೇಕು. ಸಸ್ಯದ ಬೆಳವಣಿಗೆಯನ್ನು ಅಗಾಧವಾಗಿ ಹಿಗ್ಗಿಸಿ ತೋರಿಸುವ ಬೋಸರ ಕ್ರೆಸ್ಕೋಗ್ರಾಫ್ ಯಂತ್ರವನ್ನು ವಾಲರ್ ಎಂಬ ಶರೀರಶಾಸ್ತ್ರಜ್ಞರು ಪತ್ರಿಕೆಯ ಮೂಲಕ ಬಹಿರಂಗವಾಗಿ ಶಂಕಿಸಿ, ಪ್ರಯೋಗಶಾಲೆಯಲ್ಲಿ ಪರೀಕ್ಷೆಯಾಗಬೇಕೆಂದರು. ಬೋಸರು ಒಪ್ಪಿದರು. ರ‍್ಯಾಲೆ, ಬ್ರ್ಯಾಗ್, ಬೇಲಿಸ್ ಮುಂತಾದ ವಿದ್ವಾಂಸರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಯಂತ್ರವನ್ನು ಕಣ್ಣಾರೆ ಪರೀಕ್ಷಿಸಿ, ಹತ್ತು ಲಕ್ಷದಿಂದ ಒಂದು ಕೋಟಿ ಪಟ್ಟು ಹಿಗ್ಗಿಸಿಯೂ ಅದು ಬೆಳವಣಿಗೆಯನ್ನು ಸರಿಯಾಗಿಯೇ ದಾಖಲಿಸುತ್ತದೆಂದು ಸಹಿ ಮಾಡಿ ಪ್ರಕಟಿಸಿದರು. ಬೋಸರ ಸಿದ್ಧಾಂತಗಳೆಲ್ಲವೂ ಸತ್ಯವೆಂದು ಅವರು ಹೇಳಲಿಲ್ಲ, ಸುಳ್ಳೆಂದೂ ಹೇಳಲಿಲ್ಲ, ಕಂಡುದಷ್ಟನ್ನೇ ಹೇಳಿದರು. ಅಲ್ಲಿ ಚಪ್ಪಾಳೆಯಾಯಿತೇ ಎಂಬುದನ್ನು ಕೇಳಬೇಕೆಂದು ಯಾರಿಗೂ ತೋರುವುದಿಲ್ಲ, ಮತ್ತು ಅದೇ ಆ ಸಭೆಯ ಹಿರಿಮೆ.

ಇಷ್ಟೆಲ್ಲ ಹೊಣೆಯನ್ನು ಪ್ರೇಕ್ಷಕನ ಮೇಲೆಯೇ ಹೊರಿಸಿದರೆ ಪಕ್ಷಪಾತವಾದೀತು. ಪ್ರದರ್ಶಕನೂ ಸಭೆಗೆ ಒಂದು ಋಣವನ್ನು ಸಲ್ಲಿಸಬೇಕು. ಎಲಿಷಾ ಓಟಿಸ್ 1854ರಲ್ಲಿ ನ್ಯೂಯಾರ್ಕಿನ ವಸ್ತುಪ್ರದರ್ಶನದಲ್ಲಿ, ಎತ್ತರಕ್ಕೆ ಎಳೆಯಿಸಿದ ಲಿಫ್ಟಿನ ಮಣೆಯ ಮೇಲೆ ತಾನೇ ನಿಂತು, ಅದನ್ನು ಹೊತ್ತಿದ್ದ ಹಗ್ಗವನ್ನು ಕಡಿಸಿದನು. ಮಣೆ ತುಸು ಜಾರಿ, ಅವನು ಅಳವಡಿಸಿದ್ದ ಹಲ್ಲುಹಿಡಿತಕ್ಕೆ ಸಿಕ್ಕಿ ನಿಂತಿತು. ಇದೂ ನಾಟಕವೇ, ಆದರೆ ನಾಟಕದ ಆಚೆಗೆ, ಆ ಹಿಡಿತದ ರಚನೆಯನ್ನು ಬೇಕಾದವರು ಪರೀಕ್ಷಿಸಬಹುದಾಗಿದ್ದಿತು, ಕೊಂಡು ಕಟ್ಟಡಗಳಲ್ಲಿ ನಿಲ್ಲಿಸಬಹುದಾಗಿದ್ದಿತು. ಇದಕ್ಕೆ ವಿಪರೀತವಾದುದು ಮಾರಿಸ್ ವಾರ್ಡನ ಕಥೆ. ಇಂಗ್ಲೆಂಡಿನಲ್ಲಿ ಮೊದಲು ಕ್ಷೌರಿಕನಾಗಿದ್ದು ಆಮೇಲೆ ಪ್ಲಾಸ್ಟಿಕ್ ವಸ್ತುಗಳ ಸಣ್ಣ ಉದ್ಯಮವನ್ನು ನಡೆಸುತ್ತಿದ್ದ ಈತನು ಸ್ಟಾರ್‌ಲೈಟ್ ಎಂಬ ಲೇಪವನ್ನು ತಯಾರಿಸಿದನು. 1990ರಲ್ಲಿ ಬಿ.ಬಿ.ಸಿ.ಯ ದೂರದರ್ಶನದಲ್ಲಿ ಆ ಲೇಪವನ್ನು ಬಳಿದ ಕೋಳಿಮೊಟ್ಟೆಯೊಂದಕ್ಕೆ ಉರಿಯ ಜ್ವಾಲೆಯನ್ನು ಹಲವು ನಿಮಿಷ ಹಿಡಿದು, ಆಮೇಲೆ ಒಡೆದರೆ ಒಳಗಿನ ಲೋಳೆ ಹಸಿಯಾಗಿಯೇ ಇದ್ದಿತು. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ರಕ್ಷಣಾ ಸಂಸ್ಥೆಗಳೂ ಆಕಾಶಯಾನದ ಸಂಸ್ಥೆಗಳೂ ಆಸಕ್ತಿ ತಳೆದವು. ವಾರ್ಡನು ಸೂತ್ರವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಕಳವಿನ ಭಯ ಅಕಾರಣವಾದುದೆಂದು ನಾನು ಹೇಳಲಾರೆ. ಬಡ ಕಲ್ಪಕರನ್ನು ದೊಡ್ಡ ಸಂಸ್ಥೆಗಳು ನುಂಗಿದ ನಿದರ್ಶನಗಳಿಗೆ ಬರವಿಲ್ಲ. ಆದರೂ ಪುನಃಪುನಃ ತೋರಿಸುತ್ತ ಎಂದೂ ಕೈಗೆ ಕೊಡದ ವಸ್ತುವು ಇಂದ್ರಜಾಲದ ಮಟ್ಟದಲ್ಲಿಯೇ ನಿಲ್ಲುತ್ತದೆ. 2011ರಲ್ಲಿ ಅವನು ತೀರಿಕೊಂಡಾಗ ಲೋಕಕ್ಕೆ ಉಳಿದುದು ಮೊಟ್ಟೆಯ ಆ ಚಿತ್ರವೊಂದೇ.

ಇನ್ನು ಸಭೆಗಳಲ್ಲಿ ತಪ್ಪದೆ ಕೇಳಿಬರುವ ಒಂದು ಪ್ರಶ್ನೆಯುಂಟು: ಇದರಿಂದ ಏನು ಪ್ರಯೋಜನ? ಕೇಳುವವನಿಗೆ ಇದು ವಿವೇಕದ ಪರಮಾವಧಿಯಾಗಿ ತೋರುತ್ತದೆ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಕಲ್ಪಕನೇ ಎಂಬುದಕ್ಕೆ ಆಧಾರವೇನು? 1968ರಲ್ಲಿ 3ಎಂ ಸಂಸ್ಥೆಯ ಸ್ಪೆನ್ಸರ್ ಸಿಲ್ವರನು, ಅಂಟಿಯೂ ಗಟ್ಟಿಯಾಗಿ ಅಂಟದ ಒಂದು ವಿಲಕ್ಷಣ ಗೋಂದನ್ನು ಕಂಡುಹಿಡಿದು, ಅದರ ಗುಣವನ್ನು ಸಹೋದ್ಯೋಗಿಗಳಿಗೆ ವರ್ಷಗಟ್ಟಲೆ ಉಪನ್ಯಾಸಗಳಲ್ಲಿ ವರ್ಣಿಸಿದನು. ಅಂಟದ ಗೋಂದಿನಿಂದ ಯಾರಿಗೆ ಏನಾಗಬೇಕು? ಕಡೆಗೆ, ಚರ್ಚಿನಲ್ಲಿ ಹಾಡುವಾಗ ಪುಸ್ತಕದಿಂದ ಉದುರಿಹೋಗುತ್ತಿದ್ದ ಗುರುತಿನ ಚೀಟಿಗಳಿಂದ ಬೇಸತ್ತಿದ್ದ ಆರ್ಟ್ ಫ್ರೈ ಎಂಬ ಶ್ರೋತೃವಿಗೆ 1974ರಲ್ಲಿ ಅದರ ಉಪಯೋಗ ಹೊಳೆಯಿತು. ಆಮೇಲೂ, 1977ರಲ್ಲಿ ಆ ಗೋಂದನ್ನು ಹಚ್ಚಿದ ಅಂಟುಚೀಟಿಯನ್ನು ಕೆಲವು ನಗರಗಳಲ್ಲಿ ಮಾರಾಟಕ್ಕಿಟ್ಟಾಗ ಜನರು ಅದನ್ನು ವಿಶೇಷವಾಗಿ ಕೊಳ್ಳಲಿಲ್ಲ; ಮರುವರ್ಷ ಬಾಯ್ಸಿ ಎಂಬ ಊರಿನಲ್ಲಿ ಪುಕ್ಕಟೆಯಾಗಿ ಹಂಚಿ, ಜನರು ತಮ್ಮ ಮೇಜಿನ ಮೇಲೆ ಬಳಸಿ ನೋಡುವಂತೆ ಮಾಡಿದ ಮೇಲೆಯೇ ಅದಕ್ಕೆ ಬೇಡಿಕೆ ಹುಟ್ಟಿದುದು. ಇಂದು ನಮ್ಮ ಕಚೇರಿಗಳ ಕಡತಗಳಲ್ಲೆಲ್ಲ ಕಾಣುವ ಆ ಹಳದಿಯ ಅಂಟುಚೀಟಿಯನ್ನು ನೋಡಿ ಅಳೆಯಲಾಗದು, ಬಳಸಿಯೇ ಅಳೆಯಬೇಕು. ಕೆಲವು ವಸ್ತುಗಳಿಗೆ ಸಭೆಯೆಂಬುದೇ ತಕ್ಕ ಪರೀಕ್ಷಾಸ್ಥಾನವಲ್ಲ.

ನಮ್ಮ ನಾಡಿನಲ್ಲಿ ಈಗ ಊರೂರಿನ ಶಾಲೆಗಳಲ್ಲಿ ವಿಜ್ಞಾನ ವಸ್ತುಪ್ರದರ್ಶನಗಳು ನಡೆಯುತ್ತವೆ. ಅಲ್ಲಿಗೆ ಅತಿಥಿಗಳಾಗಿ ಹೋಗುವ ಹಿರಿಯರು ಸಾಧಾರಣವಾಗಿ ಮಾಡುವುದು ಎರಡೇ ಕೆಲಸ: ಹುಡುಗನ ಬೆನ್ನು ತಟ್ಟಿ ಮುಂದಿನ ಮೇಜಿಗೆ ಸಾಗುವುದು, ಇಲ್ಲವೇ ಕೈಕೊಟ್ಟ ಯಂತ್ರವನ್ನು ನೋಡಿ ಮುಗುಳ್ನಕ್ಕು ಸಾಗುವುದು. ಓದುಗರಲ್ಲಿ ಅಂತಹ ಗೌರವಕ್ಕೆ ಪಾತ್ರರಾಗುವವರಿದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಬಾರಿ ಮೇಜುಗಳನ್ನೆಲ್ಲ ಸುತ್ತುವ ಶ್ರಮವನ್ನು ಬಿಟ್ಟು, ಯಾವುದಾದರೂ ಒಂದರ ಮುಂದೆ ಕುಳಿತುಕೊಳ್ಳಿ. ಅದನ್ನು ಎರಡನೆಯ ಸಲ ನಡೆಯಿಸಿ ತೋರಿಸಲು ಹೇಳಿ. ಅದು ಯಾವಾಗ ಕೆಡುತ್ತದೆ, ಏಕೆ ಕೆಡುತ್ತದೆ ಎಂಬುದನ್ನು ಕೇಳಿ. ಹುಡುಗನು ಒಪ್ಪಿದರೆ ನಿಮ್ಮ ಕೈಯಿಂದಲೇ ಅದನ್ನು ನಡೆಯಿಸಿ ನೋಡಿ. ಬಹುಮಾನದ ಪಟ್ಟಿಯನ್ನು ಅದಾದ ಮೇಲೆ ಬರೆಯಬಹುದು.